ಕೊಳೆಯಬೇಕಿದ್ದ ದಾರ

ಟಿಕ್... ಟಿಕ್... ಟಿಕ್. ಬಟ್ಟೆ ಗಿರಣಿಯ ಹಿಂದಿನ ಓಣಿಯಲ್ಲಿ, ಒಂದು ಕಿಟಕಿಯ ಮೇಲಿಟ್ಟ ಪೆಟ್ಟಿಗೆಯಿಂದ ಆ ಸದ್ದು ಬರುತ್ತಿತ್ತು. ಹಾದುಹೋಗುವವರು ಗಡಿಯಾರವೆಂದುಕೊಳ್ಳುತ್ತಿದ್ದರು. ಅದು ಹಳೇ ಕಲ್ಲುಕ್ವಾರಿಯ ಪೊದೆಗಳಲ್ಲಿ ಅಲೆಯುವ ನರಿಮರಿಯ ಕೊರಳಪಟ್ಟಿಯಿಂದ ರೇಡಿಯೋ ಅಲೆಯಲ್ಲಿ ಬರುತ್ತಿದ್ದ ಸದ್ದು. ಆ ಕೊರಳಪಟ್ಟಿಯನ್ನು ಮಾಡಿದವಳು ಆ ಮನೆಯ ರೇಡಿಯೋ ಅಕ್ಕ.

ಇಪ್ಪತ್ತೆರಡು ವರ್ಷ ಅವಳು ಊರಿನ ಕೆಟ್ಟ ರೇಡಿಯೋಗಳಿಗೆಲ್ಲ ಮಾತು ಬರಿಸಿದವಳು. ಜನ ರೇಡಿಯೋ ಕೇಳುವುದನ್ನು ಬಿಟ್ಟರೂ ಬೆಸುಗೆ ಕಡ್ಡಿ ಅವಳ ಕೈ ಬಿಡಲಿಲ್ಲ. ನರಿಗಳು ಎಲ್ಲೆಲ್ಲಿ ಓಡಾಡುತ್ತವೆಂದು ತಿಳಿಯಲು ಹೊರಟ ಕಾಲೇಜಿನ ಮೇಷ್ಟ್ರು, ಹೊರಗಿನಿಂದ ಪಟ್ಟಿ ತರಿಸುವುದು ಕೈಗೆಟುಕದೆ ಅವಳ ಬಾಗಿಲಿಗೆ ಬಂದಿದ್ದರು. ಅವಳು ಹಾಳು ರೇಡಿಯೋಗಳ ಕರುಳು ಬಗೆದು ಬೆರಳುದ್ದದ ಯಂತ್ರ ಮಾಡಿ, ಮೇಣದಲ್ಲಿ ಮುಚ್ಚಿ, ಚರ್ಮದ ಪಟ್ಟಿಗೆ ಕೂರಿಸಿದಳು.

ಪಟ್ಟಿಯ ಎರಡು ತುದಿಗಳನ್ನು ಕೂಡಿಸಿದ್ದು ಮಾತ್ರ ಹತ್ತಿ ದಾರ. ಹೊಲಿಗೆ ಅವಳ ಗಂಡನದು, ಅವನು ದರ್ಜಿ.

"ಗಟ್ಟಿಯಾಗಿ ಹೊಲಿ ಅನ್ನೋರನ್ನ ನೋಡಿದ್ದೀನಿ. ಕಿತ್ತುಹೋಗೋ ಹಾಗೆ ಹೊಲಿ ಅನ್ನೋಳು ನೀನೊಬ್ಳೇ ಕಣೇ!"

ಮರಿಯ ಕತ್ತು ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ. ಮಳೆಗೆ ದಾರ ಕೊಳೆತು, ಎರಡು ತಿಂಗಳಲ್ಲಿ ಪಟ್ಟಿ ತಾನಾಗಿ ಕಳಚಿ ಬೀಳಬೇಕು.

ಇದು ನಾಲ್ಕನೇ ತಿಂಗಳು. ಸದ್ದು ಒಮ್ಮೆ ಜೋರಾಗಿ, ಒಮ್ಮೆ ಕ್ಷೀಣವಾಗಿ ಇನ್ನೂ ಓಡಾಡುತ್ತಲೇ ಇತ್ತು. ಅಂದರೆ ಪಟ್ಟಿ ಇನ್ನೂ ಮರಿಯ ಕತ್ತಿನಲ್ಲೇ ಇದೆ.

ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅವಳು ಕಾಲೇಜಿಗೆ ಹೋದಳು. ಮೇಷ್ಟ್ರ ಮೇಜಿನ ಮೇಲೆ ಅವಳು ಮಾಡಿಕೊಟ್ಟಿದ್ದರಲ್ಲಿ ಉಳಿದ ಪಟ್ಟಿಗಳಿದ್ದವು. ಒಂದರಲ್ಲೂ ದಾರವಿಲ್ಲ. ಅದರ ಜಾಗದಲ್ಲಿ ಉಕ್ಕಿನ ರಿವೆಟ್ಟುಗಳು ಫಳಫಳ ಹೊಳೆಯುತ್ತಿದ್ದವು.

"ಇದ್ಯಾರು ಮಾಡಿದ್ದು ಮೇಷ್ಟ್ರೇ?"

"ಓ, ಅದಾ? ನಾನೇ ಹಾಕಿಸ್ದೆ ಅಕ್ಕಾ. ದೊಡ್ಡೋರು ನೋಡೋಕೆ ಬಂದಿದ್ರಲ್ಲ, ದಾರ ಸ್ವಲ್ಪ ಹರಕಲಾಗಿ ಕಾಣ್ತಿತ್ತು. ಫೋಟೋಗೆ ಚೆನ್ನಾಗಿರ್ಲಿ ಅಂತ..."

ಅವಳು ಒಂದು ಪಟ್ಟಿಯನ್ನು ಎತ್ತಿ ಹಿಡಿದಳು. "ಮರಿಗೆ ಹಾಕಿದ್ದೂ ಹೀಗೇನಾ?"

ಮೇಷ್ಟ್ರು ಹೌದೆಂದು ತಲೆಯಾಡಿಸಿದರು.

"ದಾರ ಮುಟ್ಬೇಡಿ, ಯಾಕೆ ಅಂತಾನೂ ಚೀಟಿ ಬರೆದು ಪಟ್ಟಿ ಡಬ್ಬೀಲಿ ಇಟ್ಟಿದ್ನಲ್ಲ!"

ಮೇಷ್ಟ್ರು ಡಬ್ಬಿಯೊಳಗೆ ಕೈಹಾಕಿದರು. ಚೀಟಿ ಮಡಿಸಿದ ಹಾಗೇ ಇತ್ತು. "ನಿಮ್ಮ ಬಿಲ್ ಇರ್ಬೇಕು ಅಂದ್ಕೊಂಡೆ."

"ಓದಿದೋರು ನೀವು. ನಾಲ್ಕು ಸಾಲು ಓದೋಕಾಗ್ಲಿಲ್ವಾ? ಅಗ್ಗದ ಸಾಮಾನು ಮಾಡೋಳ ತಲೇನೂ ಅಗ್ಗ ಅಲ್ವಾ?"

ಚೀಟಿ ಓದುತ್ತ ಮೇಷ್ಟ್ರ ಮುಖ ಬಾಡಿತು. "ತಪ್ಪಾಯ್ತು ಅಕ್ಕಾ. ಸೋಮವಾರವೇ ಬೋನು ಇಡಿಸ್ತೀನಿ."

"ಸೋಮವಾರದ ತನಕ ಉಸಿರು ಬಿಗಿಹಿಡ್ಕೊಂಡಿರು ಅಂತ ಮರಿಗೆ ನೀವೇ ಹೇಳ್ಬನ್ನಿ!"

ಮೂಲೆಯಲ್ಲಿದ್ದ ಬೋನನ್ನು ಅವಳು ಒಂದು ಕೈಯಲ್ಲಿ ಎತ್ತಿಕೊಂಡಳು. ಮೇಜಿನ ಮೇಲಿದ್ದ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಒಬ್ರೇ ಹೋಗ್ಬೇಡಿ, ಕಚ್ಚುತ್ತೆ!"

"ಕಚ್ಲಿ. ಅದು ನ್ಯಾಯಾನೇ. ಬೋನಿನ ಇನ್ನೊಂದು ತುದಿ ಹಿಡಿಯೋಕೆ ಬರ್ತೀರೋ, ಇಲ್ಲ ಇಲ್ಲೇ ಕೂತು ಮುಂದಿನ ಫೋಟೋಗೆ..." ಎನ್ನುತ್ತಲೇ, ಟಿಕ್ ಟಿಕ್ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಕ್ವಾರಿಯ ದಾರಿ ಹಿಡಿದು ಅವಳು ಹೊರಟೇಬಿಟ್ಟಳು.