ಗಾಜಿನ ತೊಟ್ಟಿಯಲ್ಲಿ ಒಂದು ಜೋಡಿ

ನಾನು ದನದ ಡಾಕ್ಟರು. ಬಿಳಿಕೆರೆಯ ಸುತ್ತಮುತ್ತ ನನ್ನ ಮೋಟಾರ್ ಬೈಕಿನ ಸದ್ದು ಕೇಳಿದರೆ ಜನ ಎದುರಿಗೆ ಬರುತ್ತಾರೆ, ದನಗಳು ಹಿಂದಕ್ಕೆ ಸರಿಯುತ್ತವೆ. ಎರಡನ್ನೂ ನಾನು ಗೌರವವೆಂದೇ ತಿಳಿದು ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಆ ಗೌರವವನ್ನು ಬೆರಳುದ್ದದ ಎರಡು ಮೀನುಗಳು ಒಂದೇ ತಿಂಗಳಲ್ಲಿ ಕಳೆದವು. ನಾಚಿಕೆಯ ವಿಷಯವೇ, ಆದರೂ ನಿಮ್ಮೆದುರು ಹೇಳಿಕೊಂಡರೆ ಹಗುರವಾದೀತು ಎಂದು ಬರೆಯುತ್ತಿದ್ದೇನೆ.

ವರ್ಗವಾಗಿ ಹೋದ ಸ್ನೇಹಿತರೊಬ್ಬರು ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನೂ ಅದರಲ್ಲಿದ್ದ ನಾಲ್ಕಾರು ಬಣ್ಣದ ಮೀನುಗಳನ್ನೂ ನಮ್ಮ ಹುಣಸೂರಿನ ಮನೆಯಲ್ಲಿ ಬಿಟ್ಟುಹೋದರು. ಎಳೆಬಿಸಿಲು ಬಿದ್ದರೆ ಮೀನು ಹೊಳೆಯುತ್ತವೆಂದು ನಾನು ಅದನ್ನು ಮೂಡಲ ದಿಕ್ಕಿನ ಕಿಟಕಿಯ ಪಕ್ಕ ಇಟ್ಟೆ. ಮೀನು ಒಂದು ವಾರ ಹೊಳೆದವು. ಆಮೇಲೆ ಗಾಜಿನ ಮೇಲೆ, ಕಲ್ಲಿನ ಮೇಲೆ, ಗಾಳಿ ಬಿಡುವ ಕೊಳವೆಯ ಮೇಲೆ ಹಸಿರು ಪಾಚಿ ಹತ್ತಿ, ಒಳಗೆ ಮೀನಿವೆಯೆಂದು ಬಂದವರಿಗೆ ನಾವು ಬಾಯಲ್ಲಿ ಹೇಳಬೇಕಾಯಿತು. "ಇದನ್ನ ನೋಡೋಕೆ ಮನೇಲಿ ಇಟ್ಕೋಬೇಕಾ? ಯಾವ್ದಾದ್ರೂ ಕೊಟ್ಟಿಗೆ ಮುಂದಿನ ತೊಟ್ಟಿ ನೋಡಿದ್ರೆ ಆಗಲ್ವಾ?" ಎಂದಳು ನನ್ನ ಹೆಂಡತಿ ಮಂಜುಳ. ದನ ನೀರು ಕುಡಿಯುವ ತೊಟ್ಟಿಗೆ ಒಳಗಿನಿಂದ ಸುಣ್ಣ ಬಳಿಯಿರಿ, ಪಾಚಿ ಕಟ್ಟುವುದಿಲ್ಲ ಎಂದು ಊರೂರಿಗೆ ಉಪದೇಶ ಮಾಡುವವನು ನಾನು. ಗಾಜಿಗೆ ಸುಣ್ಣ ಬಳಿದರೆ ಆಮೇಲೆ ನೋಡುವುದು ಏನನ್ನು?

ಮೈಸೂರಿನ ಮೀನಿನ ಅಂಗಡಿಯವನು ಉಪಾಯ ಹೇಳಿದ. ಪಾಚಿ ತಿನ್ನುವ ಮೀನು ಅಂತಲೇ ಇದೆಯಂತೆ. ಬಾಯಿ ಕೆಳಗಡೆಗೆ, ಅದರಿಂದ ಕಲ್ಲಿಗೆ ಕಚ್ಚಿಕೊಂಡು ಹಗಲೆಲ್ಲ ಕೆರೆದು ತಿನ್ನುತ್ತದೆ. ಮೈಮೇಲೆ ಉದ್ದಕ್ಕೂ ಒಂದು ಕರಿ ಪಟ್ಟೆ, ಮುಖದಲ್ಲಿ ಲೋಕದ ವ್ಯವಹಾರ ತನಗೆ ಬೇಡವೆನ್ನುವ ಭಾವ. ಸೊಪ್ಪುಸದೆ ತಿನ್ನುವ ಪ್ರಾಣಿ ಸಾಧುವೆಂಬುದು ನಮ್ಮ ನಂಬಿಕೆ. ಸೊಪ್ಪು ತಿನ್ನುವ ಎಷ್ಟೋ ಹೋರಿಗಳು ನನ್ನನ್ನು ಬೇಲಿ ಹಾರಿಸಿವೆ, ಆದರೆ ನಂಬಿಕೆಗೂ ಅನುಭವಕ್ಕೂ ಯಾವತ್ತು ಹೊಂದಿಕೆಯಿತ್ತು? "ಒಂದು ಸಾಕು ಸಾರ್, ನಿಮ್ಮ ತೊಟ್ಟಿಗೆ" ಎಂದ ಅಂಗಡಿಯವನು. ಅಲ್ಲಿ ನಾನು ಮಾಡಿದ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು. ಕಟ್ಟೆಮಳಲವಾಡಿಯ ಒಕ್ಕಲು ಮನೆಯಲ್ಲಿ ಹುಟ್ಟಿದವನು ನಾನು. ಗೇಯಲು ತರುವ ಪ್ರಾಣಿಯನ್ನು ಒಂಟಿಯಾಗಿ ತಂದದ್ದನ್ನು ನಾನು ಕಂಡಿಲ್ಲ. ಒಂಟೆತ್ತಿನಲ್ಲಿ ಯಾವ ಬೇಸಾಯ ನಡೆದೀತು? "ಜೋಡಿ ಕೊಡಪ್ಪ" ಎಂದೆ. ಅವನು ನನ್ನ ಮುಖ ನೋಡಿ ಜೋಡಿ ಕೊಟ್ಟ.

ಜೋಡಿಯೆಂದ ಮೇಲೆ ಹೆಸರಿಡಬೇಕು. ಪಟ್ಟೆ ಕಪ್ಪಗೆ ದಪ್ಪಗೆ ಇದ್ದ ದೊಡ್ಡದು ಕರಿಯ, ಕೊಂಚ ಕೆಂಚಗಿದ್ದ ಸಣ್ಣದು ಕೆಂದ. ನೋಡಲಿಕ್ಕೆಂದು ಮುಂದಿನ ಗಾಜನ್ನಷ್ಟು ಉಜ್ಜಿ, ತೊಟ್ಟಿಗೆ ಬಿಟ್ಟು ಕೈ ಒರೆಸಿಕೊಳ್ಳುವುದರೊಳಗೆ ಕರಿಯ ನಡುವಿನ ಕಲ್ಲನ್ನು ಹಿಡಿದ. ಕೆಂದ ಅದೇ ಕಲ್ಲಿನ ಇನ್ನೊಂದು ತುದಿಗೆ ಬಾಯಿಟ್ಟ. ಕರಿಯ ತಲೆ ತಗ್ಗಿಸಿ ಬಂದು ಕೆಂದನ ಪಕ್ಕೆಗೆ ಗುದ್ದಿದ. ಕೊಂಬಿಲ್ಲದ ಪ್ರಾಣಿ ಹಾಗೆ ಹಾಯುವುದನ್ನು ನಾನು ನೋಡಿದ್ದು ಅದೇ ಮೊದಲು. ಹೊಸ ಜಾಗ, ಎರಡು ದಿನಕ್ಕೆ ಕೂಡಿಕೊಳ್ಳುತ್ತವೆ ಎಂದು ಮಂಜುಳನಿಗೆ ವೈದ್ಯನ ಧಾಟಿಯಲ್ಲಿ ಹೇಳಿದೆ.

ಎರಡು ವಾರವಾದರೂ ಕೂಡಲಿಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದಕ್ಕೆ ಹಿಂದಿನವರು ಮಾತ್ಸ್ಯನ್ಯಾಯ ಎಂದು ಹೆಸರಿಟ್ಟು, ಅದನ್ನು ತಡೆಯಲೆಂದೇ ರಾಜನೊಬ್ಬ ಬೇಕೆಂದು ತೀರ್ಮಾನ ಮಾಡಿದ್ದರು. ಅವರು ಪಾಚಿ ತಿನ್ನುವ ಮೀನನ್ನು ನೋಡಿರಲಿಲ್ಲ ಎಂದು ಕಾಣುತ್ತದೆ. ಇಲ್ಲಿ ದೊಡ್ಡದು ಸಣ್ಣದನ್ನು ತಿನ್ನುವುದಿಲ್ಲ, ತಿನ್ನಲು ಬಿಡುವುದಿಲ್ಲ. ಅದಕ್ಕಿಂತ ಸೋಜಿಗವೆಂದರೆ ತಾನೂ ತಿನ್ನುವುದಿಲ್ಲ. ಕರಿಯನಿಗೆ ಕಾವಲಿನಿಂದ ಬಿಡುವೇ ಇರಲಿಲ್ಲ. ಬಣ್ಣದ ಮೀನುಗಳು ಪಂಚಾಯಿತಿ ಕಟ್ಟೆಯ ಜನದಂತೆ ಒಂದು ಪಕ್ಕ ನಿಂತು ನೋಡುತ್ತಿದ್ದವು. ಪಾಚಿ ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯಿತು.

ಆದರೆ ಕೆಂದನ ವಿಷಯ ಹೇಳಬೇಕು. ಅವನನ್ನು ನಾನು ಮನಸಾರೆ ಮೆಚ್ಚಿದೆ. ಅವನಿಗೆ ಉಳಿದದ್ದು ಮೇಲಿನ ಮೂಲೆಯಲ್ಲಿ ಕೊಳವೆಯ ಹಿಂದಿನ ಎರಡು ಬೆರಳಗಲ ಜಾಗ. ಅಲ್ಲಿ ಗಾಜಿಗೆ ಅಂಟಿಕೊಂಡು ಕಾಯುತ್ತಿದ್ದ. ಕರಿಯ ಆ ಕಡೆ ತಿರುಗಿದನೋ, ಸರ್ರನೆ ಇಳಿದು ಕಲ್ಲಿಗೆ ಬಾಯಿ ಹಾಕಿ ಎರಡು ಸಲ ಕೆರೆದುಕೊಳ್ಳುತ್ತಿದ್ದ. ಗುದ್ದು ಬೀಳುತ್ತಿತ್ತು. ಮತ್ತೆ ಮೂಲೆ, ಮತ್ತೆ ಅದೇ ಕಲ್ಲು. ತಿಂಡಿಗೆ ಕೂತಾಗ ಶುರುವಾದದ್ದು ನಾನು ಬೈಕು ಹತ್ತುವಾಗಲೂ ನಡೆದೇ ಇರುತ್ತಿತ್ತು. ಇಲಾಖೆಯವರು ಒಂದು ಅರ್ಜಿಯನ್ನು ಎರಡು ಸಲ ವಾಪಸ್ ಕಳಿಸಿದರೆ ಮೂರನೆಯ ಸಲ ಬರೆಯದೆ ಕೈಚೆಲ್ಲುವ ನಾನು, ಆ ಬೆರಳುದ್ದದ ಮೀನಿನ ಮುಂದೆ ತಲೆ ತಗ್ಗಿಸಿದ್ದೇನೆ.

ಹಠವಿದ್ದರೆ ಹೊಟ್ಟೆ ತುಂಬುವುದಿಲ್ಲವಲ್ಲ. ಮೂರನೆಯ ವಾರಕ್ಕೆ ಕೆಂದನ ಹೊಟ್ಟೆ ಒಳಕ್ಕೆ ಹೋಯಿತು, ಪಟ್ಟೆ ಮಾಸಿತು. ಮೇವು ಬಿಟ್ಟ ಕರುವನ್ನು ದೂರದಿಂದಲೇ ಗುರುತಿಸುವ ನನಗೆ ಇದು ಗೊತ್ತಾಗದೆ ಇರುತ್ತದೆಯೇ? ಸೌತೆಕಾಯಿ ಬೇಯಿಸಿ ಬಿಲ್ಲೆ ಮಾಡಿ ಹಾಕಿದೆ. ಕರಿಯ ಅದರ ಮೇಲೆ ಕೂತ. ಎರಡು ಬಿಲ್ಲೆ ಹಾಕಿದೆ. ಒಂದರ ಮೇಲೆ ಕೂತು, ಇನ್ನೊಂದಕ್ಕೆ ಕಾವಲು ಕಾದ. ಅಂಗಡಿಗೆ ಫೋನ್ ಮಾಡಿದರೆ, "ಒಂದಿರ್ಬೇಕು, ಇಲ್ಲಾ ಐದಾರಿರ್ಬೇಕು ಸಾರ್. ಎರಡು ಮಾತ್ರ ಹಾಕ್ಬಾರ್ದು. ಸಣ್ಣದು ಇನ್ನು ಮೂರ್ನಾಲ್ಕು ದಿನ ಅಷ್ಟೇ. ಒಂದನ್ನ ತಂದ್ಬಿಡಿ" ಎಂದ. ಮಂಜುಳನೂ ಅದನ್ನೇ ಹೇಳಿದಳು. ನನಗೆ ಮನಸ್ಸು ಬರಲಿಲ್ಲ. ಹೊಡೆಯುವವನನ್ನು ಕಳಿಸಿದರೆ ಅವನು ಇನ್ನೊಂದು ತೊಟ್ಟಿಯಲ್ಲಿ ಹೊಡೆಯುತ್ತಾನೆ. ಹೊಡೆಸಿಕೊಂಡವನನ್ನು ಕಳಿಸಿದರೆ ಅಷ್ಟು ದಿನದ ಅವನ ಹಠಕ್ಕೆ ನಾನು ಕೊಟ್ಟ ಬೆಲೆ ಏನಾಯಿತು? ಯೋಚಿಸುತ್ತಲೇ ಒಂದು ದಿನ ಕಳೆದೆ.

ಮಾರನೆಯ ದಿನ ಬೆಳಿಗ್ಗೆ ಭೇರ್ಯದಿಂದ ನಮ್ಮ ಅತ್ತೆ ಬಂದರು, ಮಂಜುಳನ ತಾಯಿ. ಹುಣಸೂರಿನಲ್ಲಿ ನೆಂಟರ ಮದುವೆಯಿತ್ತು. ಅವರೆಕಾಯಿ ಚೀಲ ಇಳಿಸಿ, ಕಾಲು ತೊಳೆದು, ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವ ಹೆಂಗಸು ಅವರು. ಜೋಡಿ ತಂದ ಕತೆಯನ್ನು ಮಗಳಿಂದ ಕೇಳಿ ಗಂಭೀರವಾಗಿ ನನ್ನ ಕಡೆ ತಿರುಗಿದರು.

"ಎಷ್ಟಲ್ಲಿನವು ತಂದ್ರಿ ಅಳಿಮಯ್ಯ?"

ನಾನು ನಗಲೂ ಆಗದೆ, ಸಣ್ಣದು ಉಳಿಯುವುದಿಲ್ಲವೆಂದು ಹೇಳಿದೆ. ಅವರು ತಮಾಷೆ ಬಿಟ್ಟು ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದರು.

"ಒಟ್ಟೆಗಲ್ಲ ಕಣ್ರಪ್ಪ ಇವು ಒಡೆದಾಡೋದು. ಮಕ ಕಾಣ್ತದೆ, ಅದುಕ್ಕೆ. ಒಂದು ನಾಡೆಂಚು ಇದ್ರೆ ತನ್ನಿ."

ಹಿತ್ತಲಲ್ಲಿ ಹಳೆಯ ಮಾಡಿನಿಂದ ಇಳಿಸಿದ ನಾಡಹೆಂಚು ನಾಲ್ಕಾರು ಬಿದ್ದಿದ್ದವು. ಒಂದನ್ನು ತಂದು, ತಿಕ್ಕಿ, ಕುದಿಸಿ, ಆರಿಸಿ ಕೊಟ್ಟೆ. ವೈದ್ಯನಾಗಿ ನಾನು ಮಾಡಿದ ಕೆಲಸ ಅದಿಷ್ಟೇ. ಅತ್ತೆ ಸೆರಗು ಸಿಕ್ಕಿಸಿ ತೋಳುಮಟ್ಟ ನೀರಿಗೆ ಕೈ ಹಾಕಿ, ನಡುವಿನ ಕಲ್ಲನ್ನು ಸರಿಸಿ, ಹೆಂಚನ್ನು ಮರಳಿನಲ್ಲಿ ನಿಲ್ಲಿಸಿದರು. ತೊಟ್ಟಿ ಪೂರ್ತಿ ಮುಚ್ಚಲಿಲ್ಲ, ಮೇಲೂ ಪಕ್ಕಗಳಲ್ಲೂ ಜಾಗವಿತ್ತು. ಕರಿಯ ಮನಸ್ಸು ಮಾಡಿದರೆ ದಾಟಿ ಬರಬಹುದಲ್ಲ ಅತ್ತೆ ಎಂದೆ.

"ಬರ್ಲಿ ಬುಡಿ. ಬಂದ್ರೆ ಬೇಕಂತ ಬರ್ಬೇಕು. ಎದ್ರುಗೆ ಕಂಡಾಗ ಬರೋ ಸಿಟ್ಟೇ ಬೇರೆ, ಉಡುಕ್ಕೊಂಡು ಓಗಿ ಮಾಡೋ ಸಿಟ್ಟೇ ಬೇರೆ."

ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರವು ಎಂಬ ಗಾದೆಯನ್ನು ನಾನು ಯಾವುದೋ ಹುರುಪಿನಲ್ಲಿ ಅಂದುಬಿಟ್ಟೆ. ಮೀನಿಗೆ ಜುಟ್ಟೂ ಇಲ್ಲ, ಜಡೆಯೂ ಇಲ್ಲ. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ತಮ್ಮ ಕತೆ ಹೇಳಿದರು. ಅವರು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಓರಗಿತ್ತಿ ನಿಂಗಮ್ಮನಿದ್ದರು. ಒಂದೇ ಅಡುಗೆಮನೆ, ಒಂದೇ ಒಲೆ, ದಿನಾ ಜಗಳ. ಉಪ್ಪು ಹೆಚ್ಚಾದರೆ ಜಗಳ, ಕಡಿಮೆಯಾದರೆ ಇನ್ನೂ ದೊಡ್ಡದು. ಅವರ ಮಾವ ಸಾಕಾಗಿ ಅಡುಗೆಮನೆಯ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಹಾಕಿಸಿ ಆ ಕಡೆಗೊಂದು ಒಲೆ, ಈ ಕಡೆಗೊಂದು ಒಲೆ ಮಾಡಿಕೊಟ್ಟರು.

"ಗ್ವಾಡೆ ಎದ್ದು ಒಂದು ತಿಂಗ್ಳಾಗಿಲ್ಲ, ನಿಂಗಕ್ಕ ಅದರ ಮ್ಯಾಲೆ ಒಂದು ಬಟ್ಟಲು ಉಪ್ಸಾರು ಇಟ್ಲು. ನಾನು ತಿಂದು ಬಟ್ಟಲು ಬರಿದು ಕೊಡ್ಬಾರ್ದು ಅಂತ ಪಲ್ಯ ಆಕ್ಕೊಟ್ಟೆ. ಅವತ್ತಿಂದ ನಿಂತಿಲ್ಲ. ಬಟ್ಟಲಿಟ್ಟೂ ಇಟ್ಟೂ ಗ್ವಾಡೆ ಅಲ್ಲಿ ತಗ್ಗು ಬಿದ್ದದೆ, ಬಂದಾಗ ತೋರುಸ್ತೀನಿ."

ಮದುವೆ ಮುಗಿಸಿ ಅತ್ತೆ ಊರಿಗೆ ಹೋದರು. ಕೆಂದ ಮೊದಲ ದಿನ ಮೂಲೆ ಬಿಡಲಿಲ್ಲ. ನಾನು ಡ್ಯೂಟಿಗೆ ಹೋಗಿ ಬಂದು ಬಂದು ಅವನ ಹೊಟ್ಟೆಯನ್ನೇ ನೋಡುತ್ತಿದ್ದೆ. ಎರಡನೆಯ ದಿನ ಹೆಂಚಿನ ಈ ಮಗ್ಗುಲಿಗೆ ಇಳಿದು ಗುದ್ದಿಗೆ ಕಾದ. ಗುದ್ದು ಬರಲಿಲ್ಲ. ಅಂಗಡಿಯವನು ಕೊಟ್ಟ ಗಡುವು ದಾಟಿದ ಬೆಳಿಗ್ಗೆ ಅವನು ಹಿಂದಿನ ಗಾಜಿನ ಕೆಳಭಾಗದಲ್ಲಿ ಅಂಗೈಯಗಲ ಜಾಗವನ್ನು ಚೊಕ್ಕಟ ಮಾಡಿದ್ದ, ಅದರ ಮೂಲಕ ಆಚೆ ಬೀದಿ ಕಾಣುತ್ತಿತ್ತು. ನನಗೆ ಆದ ಸಂತೋಷವನ್ನು ಮರೆಮಾಚುವುದಿಲ್ಲ, ಅವತ್ತು ಬಿಳಿಕೆರೆಯಲ್ಲಿ ಒದ್ದ ಹಸುವನ್ನೂ ನಾನು ಬೈಯಲಿಲ್ಲ.

ಕರಿಯ ಒಮ್ಮೊಮ್ಮೆ ದಾಟಿ ಬರುತ್ತಾನೆ, ನಾಲ್ಕು ಸುತ್ತು ಓಡಾಡಿಸಿ ತನ್ನ ಪಾಲಿಗೆ ಮರಳುತ್ತಾನೆ. ಈಗ ಅವನಿಗೂ ತಿನ್ನಲು ಪುರುಸೊತ್ತಿದೆ. ಮೊನ್ನೆ ನೋಡಿದರೆ ಹೆಂಚಿನ ಎರಡು ಮಗ್ಗುಲಿಗೂ ಎಳೆ ಪಾಚಿ ಹತ್ತಿದೆ. ಈ ಮಗ್ಗುಲಲ್ಲಿ ಕೆಂದ, ಆ ಮಗ್ಗುಲಲ್ಲಿ ಕರಿಯ, ನಡುವೆ ಒಂದು ಹೆಂಚಿನ ದಪ್ಪ. ಇಬ್ಬರೂ ಅದೇ ಹೆಂಚಿಗೆ ಬಾಯಿಟ್ಟು ಒಂದೇ ಸಮ ಕೆರೆಯುತ್ತಿದ್ದರು. ಅತ್ತೆಗೆ ಫೋನ್ ಮಾಡಿ, ಕೊನೆಗೂ ನನ್ನ ಜೋಡಿ ಕೂಡಿತು, ನಡುವೆ ಹೆಂಚೊಂದು ಇರಬೇಕು ಅಷ್ಟೇ, ಎಂದೆ.

"ನೊಗ ಅಷ್ಟುದ್ದ ಯಾಕ್ ಮಾಡ್ತಾರೆ ಅಂದ್ಕೊಂಡಿದ್ರಿ ಅಳಿಮಯ್ಯ? ಎತ್ತುನ ಕೊಂಬು ಎತ್ತುಗೆ ತಾಗ್ದೇ ಇರ್ಲಿ ಅಂತ" ಎಂದರು ಅತ್ತೆ.

ನೊಗ ಇರುವುದು ಎರಡನ್ನು ಸೇರಿಸಲು ಎಂದೇ ನಾನು ತಿಳಿದಿದ್ದೆ. ಇಪ್ಪತ್ತಾರು ವರ್ಷ ಅದು ಉಜ್ಜಿದ ಹೆಗಲುಗಳಿಗೆ ಮುಲಾಮು ಹಚ್ಚಿದ್ದೇನೆ, ಅದರ ಉದ್ದವನ್ನು ಒಂದು ದಿನವೂ ನೋಡಿರಲಿಲ್ಲ.