ಒಂದು ಪಾರ್ಟಿ, ಇಬ್ಬರು ಅಧ್ಯಕ್ಷರು: ಮಾರ್ಗನ್ ಹಿಲ್‌ನಿಂದ ವಾಲ್ನಟ್ ಕ್ರೀಕ್‌ವರೆಗೆ

ಶನಿವಾರ ಬೆಳಿಗ್ಗೆ ಏಳೂಕಾಲಕ್ಕೆ ನಾನೂ ಓಡೆಟ್ಟೂ ಮಾರ್ಗನ್ ಹಿಲ್‌ನಲ್ಲಿ ಬಸ್ಸು ಹತ್ತಿದೆವು. ನಮ್ಮೂರಿನಿಂದ ಸ್ಯಾನ್ ಹೋಸೆಗೆ ರೈಲಿದೆ, ಆದರೆ ಅದು ವಾರದ ದಿನಗಳಲ್ಲಿ ಮಾತ್ರ. ಆಫೀಸಿಗೆ ಹೋಗುವವರಿಗೆಂದು ಇಟ್ಟದ್ದು, ಮುದುಕಿಯರ ರಾಜಕೀಯಕ್ಕಲ್ಲ. ಹಾಗಾಗಿ ಗಿಲ್‌ರಾಯ್ ಕಡೆಯಿಂದ ಬರುವ ಬಸ್ಸೇ ಗತಿ. ಹಿರಿಯರಿಗೆ ಒಂದು ಡಾಲರ್ ಟಿಕೆಟ್ಟು. ಮಂಜು ಇನ್ನೂ ಗುಡ್ಡಗಳ ಕೆಳಗೆ ಇಳಿದೇ ಇತ್ತು. ನಾನು ಎರಡು ಸ್ವೆಟರು ಹಾಕಿಕೊಂಡಿದ್ದೆ. ಓಡೆಟ್ಟಳ ತೊಡೆಯ ಮೇಲೆ ಟವೆಲ್ಲು ಸುತ್ತಿದ ದೊಡ್ಡ ಅಲ್ಯೂಮಿನಿಯಂ ಟ್ರೇ, ಇನ್ನೂ ಬಿಸಿ.

ಓಡೆಟ್ ಯಾರೆಂದು ಹೇಳಿಬಿಡುತ್ತೇನೆ. ನಾನು ವಾರಕ್ಕೆರಡು ದಿನ ಹೋಗುವ ವೃದ್ಧರ ಡೇ ಸೆಂಟರಿನಲ್ಲಿ ಕೆಲಸ ಮಾಡುವವಳು. ಅರವತ್ತಮೂರು ವಯಸ್ಸು. ಮಧ್ಯ ಆಫ್ರಿಕಾದ ಒಂದು ದೇಶದವಳು. ದೇಶದ ಹೆಸರು ಬರೆಯಬೇಡ ಎಂದಿದ್ದಾಳೆ, ಬರೆಯುವುದಿಲ್ಲ. ಒಂದು ದಿನ ಅವಳು ಫೋನಿನಲ್ಲಿ ಯಾರಿಗೋ ಫ್ರೆಂಚಿನಲ್ಲಿ ಚೆನ್ನಾಗಿ ಬೈಯುತ್ತಿದ್ದಳು. ಮೈಸೂರಿನ ಕಾನ್ವೆಂಟಿನಲ್ಲಿ ಬೆಲ್ಜಿಯಂ ಕಡೆಯ ಮದರ್ ಒಬ್ಬರು ಎಂಟು ವರ್ಷ ಫ್ರೆಂಚು ಕಲಿಸಿದ್ದರು. ಅರವತ್ತು ವರ್ಷ ಅದು ನನ್ನೊಳಗೆ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಮಡಚಿಕೊಂಡೇ ಇತ್ತು. "ನೀನು ಬೈದದ್ದೆಲ್ಲ ನನಗೆ ಅರ್ಥವಾಯಿತು, ಡಿಯರ್" ಎಂದೆ, ಫ್ರೆಂಚಿನಲ್ಲೇ. ಅವಳು ಕುರ್ಚಿ ಹಿಡಿದುಕೊಂಡು ನಕ್ಕಳು. ಅವಳೂ ಕಾನ್ವೆಂಟಿನವಳೇ. ಅಂದಿನಿಂದ ಸ್ನೇಹ.

ಈ ಪ್ರಯಾಣಕ್ಕೆ ಕಾರಣ ಅವಳ ತಮ್ಮ ಫಿರ್ಮಿನ್. ಅಲ್ಲಿನ ಒಂದು ಸಣ್ಣ ವಿರೋಧ ಪಕ್ಷಕ್ಕೆ ಜಿಲ್ಲಾ ಕಾರ್ಯದರ್ಶಿ, ಸ್ಕೂಲ್ ಮೇಷ್ಟ್ರು. ಒಂದು ಮನೆಯ ಹಿತ್ತಲಲ್ಲಿ ಮೀಟಿಂಗು ನಡೆಸುತ್ತಿದ್ದಾಗ ಅರೆಸ್ಟು ಮಾಡಿದರು. ಅದು ಪಾರ್ಟಿಯ ಮೀಟಿಂಗು ಎಂದಾದರೆ ಸಾಮಾನ್ಯ ಕೋರ್ಟು, ಜಾಮೀನು, ವಾದ. ಅಲ್ಲ, ಬಂದೂಕಿನ ಗ್ಯಾಂಗಿನ ಮೀಟಿಂಗು ಎಂದಾದರೆ ಮಿಲಿಟರಿ ಕೋರ್ಟು, ಅಲ್ಲಿಂದ ಅಪೀಲಿಲ್ಲ. ಸೋಮವಾರ ಬೆಳಿಗ್ಗೆ ಅದು ತೀರ್ಮಾನವಾಗುವುದಿತ್ತು. ವಕೀಲನಿಗೆ ಬೇಕಿದ್ದದ್ದು ಒಂದೇ ಕಾಗದ: ಈತ ನಮ್ಮ ಪದಾಧಿಕಾರಿ, ಆ ಸಭೆ ನಮ್ಮದು, ಅಧ್ಯಕ್ಷರ ಸಹಿ, ಸೀಲು.

ಇಷ್ಟೇ ತಾನೆ ಎನ್ನುತ್ತೀರಿ. ನಾನೂ ಅಂದಿದ್ದೆ. ಆ ದೇಶದ ಸರ್ಕಾರಕ್ಕೆ ಒಂದು ವಿದ್ಯೆ ಗೊತ್ತಿದೆ. ಯಾವ ಸಣ್ಣ ಪಾರ್ಟಿ ಸ್ವಲ್ಪ ಬೆಳೆಯಿತೋ, ಅದರೊಳಗಿನ ಒಬ್ಬ ಮುನಿಸಿನ ಮನುಷ್ಯನನ್ನು ಹಿಡಿದು ಅದೇ ಹೆಸರು, ಅದೇ ಬಾವುಟದ ಇನ್ನೊಂದು ಬಣ ಮಾಡಿಸುತ್ತದೆ. ಸಚಿವಾಲಯ ಆ ಹೊಸದಕ್ಕೆ ಮಾನ್ಯತೆ ಕೊಡುತ್ತದೆ. ಫಿರ್ಮಿನ್‌ನ ಪಾರ್ಟಿಗೂ ಹಾಗೆಯೇ ಆಗಿತ್ತು. ಹಳೆಯ ಬಣದ ಅಧ್ಯಕ್ಷ ಗಾಸ್ಪಾರ್. ಮಾನ್ಯತೆ ಪಡೆದ ಬಣದ ಅಧ್ಯಕ್ಷ ಡಾಕ್ಟರ್ ಬೋನಿಫಾಸ್. ಇಬ್ಬರೂ ಹತ್ತಾರು ವರ್ಷದಿಂದ ಇರುವುದು ಇಲ್ಲೇ, ಬೇ ಏರಿಯಾದಲ್ಲಿ. ಗಾಸ್ಪಾರ್ ರಿಟೈರ್ಡ್ ಫಾರ್ಮಸಿಸ್ಟು, ಬೋನಿಫಾಸ್ ಇನ್ಶೂರೆನ್ಸ್ ಮಾರುತ್ತಾನೆ. ಫಿರ್ಮಿನ್ ಗಾಸ್ಪಾರ್ ಕಡೆಯವನು. ಕೋರ್ಟು ಒಪ್ಪುವುದು ಬೋನಿಫಾಸ್‌ನ ಸೀಲನ್ನು. ಇಲ್ಲಿರುವ ಅಲ್ಲಿನ ವಿರೋಧ ಪಕ್ಷಗಳ ನಾಯಕರೆಲ್ಲ ಆ ಶನಿವಾರ ವಾಲ್ನಟ್ ಕ್ರೀಕ್‌ನಲ್ಲಿ ಸಭೆ ಸೇರುವವರಿದ್ದರು.

ನಮ್ಮಲ್ಲೂ ಶಾಸಕರನ್ನು ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಸಾಗಿಸಿದ್ದನ್ನು ಟಿ.ವಿ.ಯಲ್ಲಿ ನೋಡಿದವಳು ನಾನು. ಪಾರ್ಟಿ ಒಡೆಯುವುದು ಹೊಸದಲ್ಲ. ಆದರೆ ನಮ್ಮವರು ಒಡೆದ ಮೇಲೆ ಒಂದೇ ಹೆಸರಿನಲ್ಲಿ ಒಂದೇ ಊರಿನ ಗ್ರೋಸರಿಯಲ್ಲಿ ಎದುರುಬದುರಾಗಿ ತರಕಾರಿ ಕೊಳ್ಳುವುದಿಲ್ಲ.

"ಅಮ್ಮಾ, it's their politics, ನಿನಗ್ಯಾಕೆ?" ಎಂದು ಹಿಂದಿನ ಸಂಜೆ ಮಗಳು ನಂದಾ ಕೇಳಿದ್ದಳು. "ಎರಡು ಬಸ್ಸು, ಎರಡು ರೈಲು! ನಂಗೆ ಶನಿವಾರ ಡ್ಯೂಟಿ, ಬಿಡಕ್ಕೂ ಬರಕ್ಕಾಗಲ್ಲ."

"ನನ್ನನ್ನ ಕರೆದಿರೋದು ಸೆಕ್ರೆಟರಿ ಅಂತ ಕಣೇ" ಎಂದೆ, ಸ್ವಲ್ಪ ಜಂಬದಿಂದಲೇ.

ಅದು ನಿಜ. ಅವರ ಸಭೆಗಳಲ್ಲಿ ಒಂದು ಪದ್ಧತಿ: ನಡಾವಳಿ ಬರೆಯುವವರು ಯಾವ ಬಣಕ್ಕೂ ಸೇರಿರಬಾರದು. ಯಾರೂ ಯಾರ ಕೈಬರಹವನ್ನೂ ನಂಬುವುದಿಲ್ಲ. ಫ್ರೆಂಚು ಬಲ್ಲ, ಕಾಲೇಜು ಆಫೀಸಿನಲ್ಲಿ ಮೂವತ್ತು ವರ್ಷ ಮಿನಿಟ್ಸು ಬರೆದ, ಎಪ್ಪತ್ತೆಂಟರ ಕನ್ನಡದ ಮುದುಕಿಗಿಂತ ನ್ಯೂಟ್ರಲ್ ಇನ್ನು ಯಾರು ಸಿಗುತ್ತಾರೆ?

ಸ್ಯಾನ್ ಹೋಸೆಯಲ್ಲಿ ಬಸ್ಸು ಬದಲಿಸಿ ಬೆರಿಯೆಸ್ಸಾಗೆ ಹೋಗಿ ಬಾರ್ಟ್ ರೈಲು ಹತ್ತಿದೆವು. ಸೀನಿಯರ್ ಕಾರ್ಡಿನಲ್ಲಿ ಮೂರು ಡಾಲರ್ ಚಿಲ್ಲರೆ. ಓಕ್‌ಲ್ಯಾಂಡಿನಲ್ಲಿ ಇನ್ನೊಂದು ರೈಲು. ಗುಡ್ಡದೊಳಗಿನ ಸುರಂಗ ದಾಟಿದ ಮೇಲೆ ಬಿಸಿಲು ಚುರುಕಾಯಿತು. ಒಂದು ಸ್ವೆಟರು ಬಿಚ್ಚಿದೆ. ವಾಲ್ನಟ್ ಕ್ರೀಕ್ ಮುಟ್ಟಿದಾಗ ಹನ್ನೊಂದು. ಅಂಗಡಿಗಳು ಬೆಳ್ಳಿ ಪಾತ್ರೆ ಉಜ್ಜಿಟ್ಟ ಹಾಗೆ ಥಳಥಳ. ಲೈಬ್ರರಿಯ ಮೀಟಿಂಗ್ ರೂಮು ಹನ್ನೆರಡರಿಂದ ಮೂರರವರೆಗೆ ನಮ್ಮದು.

ಹದಿನಾಲ್ಕು ಜನ ಬಂದರು. ನಾಲ್ಕು ಪಾರ್ಟಿ, ಐವರು ಅಧ್ಯಕ್ಷರು. ಎಲ್ಲರೂ ಸೂಟು. ಗಾಸ್ಪಾರ್ ಮೇಜಿನ ಒಂದು ತುದಿಗೆ ಕೂತ. ಬೋನಿಫಾಸ್ ಇನ್ನೊಂದು ತುದಿಗೆ ಕೂತು, ಅಧ್ಯಕ್ಷರು ಕೂರುವ ತುದಿ ಇದೇ ಎಂದ. ಗಾಸ್ಪಾರ್ ತನ್ನ ಸೀಲನ್ನು ಕನ್ನಡಕದ ಡಬ್ಬಿಯಿಂದ ತೆಗೆದು ಎದುರಿಗಿಟ್ಟ. ಬೋನಿಫಾಸ್ ತನ್ನದನ್ನು ಕೋಟಿನ ಒಳಜೇಬಿನಿಂದ ತೆಗೆದು, ಊದಿ, ಇಟ್ಟ. ಎರಡರ ಮೇಲೂ ಅದೇ ಪಾರ್ಟಿಯ ಹೆಸರು.

ಮೊದಲ ನಲವತ್ತು ನಿಮಿಷ ಹುತಾತ್ಮರಿಗೆ ಗೌರವ ಮತ್ತು ಅಧ್ಯಕ್ಷರುಗಳ ಪ್ರಸ್ತಾವನೆ. ನನ್ನ ಕೈ ನೋಯುವಷ್ಟು ಬರೆದೆ. "ಐತಿಹಾಸಿಕ" ಎಂಬ ಶಬ್ದ ಎಷ್ಟು ಸಲ ಬಂತೋ. ಫಿರ್ಮಿನ್ ಹೆಸರು ಎರಡು ಸಲ, ಅದರಲ್ಲಿ ಒಂದು ಸಲ ತಪ್ಪಾಗಿ. ಆಮೇಲೆ ಓಡೆಟ್ ಎದ್ದು ನಿಂತು, ವಕೀಲ ಕಳಿಸಿದ್ದ ಕರಡನ್ನು ಓದಿ, "ಡಾಕ್ಟರ್, ನಿಮ್ಮ ಒಂದು ಸಹಿ ಸಾಕು" ಎಂದಳು.

"ಕೊಡ್ತೀನಮ್ಮಾ, ಯಾಕೆ ಕೊಡಲ್ಲ?" ಬೋನಿಫಾಸ್ ನಗುತ್ತಾ ಹೇಳಿದ. "ಮೊದಲು ಈ ಗಾಸ್ಪಾರ್ ಎದ್ದು, ಬೋನಿಫಾಸೇ ಅಧ್ಯಕ್ಷ ಅಂತ ಒಪ್ಪಿಕೊಳ್ಳಲಿ."

"ಸರ್ಕಾರದ ಮಡಿಲಲ್ಲಿ ಕೂತವನನ್ನ ನಾನು ಒಪ್ಕೋಬೇಕಾ?" ಗಾಸ್ಪಾರ್ ಮೇಜು ಕುಟ್ಟಿದ. "ಫಿರ್ಮಿನ್ ಬೇಕಾದ್ರೆ ಜೈಲಲ್ಲಿ ಕೊಳೀತಾನೆ. ಅವನು ನನ್ನ ಹುಡುಗ. ದ್ರೋಹಿ ಸೀಲಿನಿಂದ ಬಿಡುಗಡೆ ಆಗೋಕೆ ಅವನೇ ಒಪ್ಪಲ್ಲ!"

ಕೊಳೆಯುವುದು ಇವನಲ್ಲವಲ್ಲ! ಪೆನ್ನು ಎಸೆಯಬೇಕೆನಿಸಿತು. ಬೇರೆ ಪಾರ್ಟಿಯ ಒಬ್ಬರು, ಎರಡೂ ಸೀಲು ಹಾಕಿ ಎಂದರು. ಹತ್ತು ನಿಮಿಷ ಎಲ್ಲರ ಮುಖದಲ್ಲೂ ಬೆಳಕು. ಆಮೇಲೆ ಎಡಕ್ಕೆ ಯಾರ ಸೀಲು, ಬಲಕ್ಕೆ ಯಾರದು ಎಂದು ಶುರುವಾಯಿತು. ಒಂದು ಗಂಟೆ ಅದೇ. ಕೊನೆಗೆ ಲೈಬ್ರರಿಯ ಹುಡುಗಿ ಬಾಗಿಲು ತಟ್ಟಿ, "ಐದು ನಿಮಿಷ, folks" ಎಂದಳು. ಆಗ ಎಲ್ಲರಿಗೂ ಊಟದ ನೆನಪಾಯಿತು. ಓಡೆಟ್ ಬೆಳಗಿನ ಜಾವವೇ ಎದ್ದು ಬೇಯಿಸಿದ್ದ ಕಡಲೇಕಾಯಿ ಹಾಕಿದ ಗೆಣಸಿನ ಸೊಪ್ಪನ್ನೂ ಅನ್ನವನ್ನೂ ಪೇಪರ್ ಪ್ಲೇಟಿನಲ್ಲಿ ನಿಂತೇ ತಿಂದರು. "ಓಡೆಟ್, ಖಾರ ಕಮ್ಮಿ ಆಯ್ತಲ್ಲ" ಎಂದ ಗಾಸ್ಪಾರ್. ಅವಳು ಅವನಿಗೆ ಇನ್ನಷ್ಟು ಬಡಿಸಿದಳು.

ಪಾರ್ಕಿಂಗ್ ಲಾಟಿನಲ್ಲಿ ಓಡೆಟ್ ಬೋನಿಫಾಸ್‌ನ ಹಿಂದೆ ಓಡಿದಳು. ನಾನು ಅವಳ ಹಿಂದೆ. ಅವನು ಕಾರಿನ ಬಾಗಿಲು ತೆಗೆದಿದ್ದವನು ತಿರುಗಿ, "ನಿನ್ನ ತಮ್ಮ ಆ ಮುದುಕನ ಬಾಲ! ಅವನನ್ನ ಪಾರ್ಟಿಯಿಂದಲೇ ಕಿತ್ತುಹಾಕ್ತೀನಿ, ಇವತ್ತೇ!" ಎಂದು ಕೂಗಿದ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಇಂಗ್ಲಿಷೂ ಫ್ರೆಂಚೂ ಮರೆತುಹೋಗಿ, "ಥೂ ನಿನ್ನ ಮುಖಕ್ಕಿಷ್ಟು! ಮನುಷ್ಯನೇನಯ್ಯಾ ನೀನು?" ಎಂದುಬಿಟ್ಟೆ. ಎರಡು ಕಾರಿನಾಚೆ ಸ್ಟ್ರೋಲರ್ ತಳ್ಳುತ್ತಿದ್ದ ಹೆಂಗಸು ನಿಂತು ನೋಡಿದಳು.

ಓಡೆಟ್ ನನ್ನ ತೋಳು ಹಿಡಿದಳು. ಅವಳ ದನಿ ಇದ್ದಕ್ಕಿದ್ದ ಹಾಗೆ ತಣ್ಣಗಾಗಿತ್ತು. "ಬಾಯಲ್ಲಿ ಹೇಳೋದು ಸುಲಭ ಡಾಕ್ಟರ್. ಕಾಗದದ ಮೇಲೆ ಮಾಡೋ ಧೈರ್ಯ ನಿಮಗಿಲ್ಲ. ಎಲ್ಲಾರಿಗೂ ಗೊತ್ತು, ನಿಮ್ಮ ಸೀಲು ಬರೀ ಜೇಬಿನ ಶೋಕಿ."

"ಶೋಕಿಯಾ?" ಅವನ ಕೈ ಜೇಬಿಗೆ ಹೋಯಿತು. "ಮೇಡಂ, ನೀವೇ ಬರೀರಿ. ನೀವು ನ್ಯೂಟ್ರಲ್ಲು."

"ನಾನು ಬರೆಯಲ್ಲ" ಎಂದೆ.

"ಬರಿ" ಎಂದಳು ಓಡೆಟ್, ನನ್ನ ಕಡೆ ನೋಡದೆ.

ಅವನ ಕಾರಿನ ಡಿಕ್ಕಿಯ ಮೇಲೆ ನೋಟ್‌ಪ್ಯಾಡು ಇಟ್ಟು ಬರೆದೆ. ಲೋಹ ಬಿಸಿಲಿಗೆ ಸುಡುತ್ತಿತ್ತು. ಅವನು ಹೇಳಿದ: ಈ ಮೂಲಕ ಫಿರ್ಮಿನ್ ಎಂಬಾತನನ್ನು ಪಕ್ಷದಿಂದ ಉಚ್ಚಾಟಿಸಲಾಗಿದೆ.

"ಯಾವ ಫಿರ್ಮಿನ್? ಊರಲ್ಲಿ ಹತ್ತು ಫಿರ್ಮಿನ್ ಇದ್ದಾರೆ" ಎಂದಳು ಓಡೆಟ್. "ಅವನ ಹುದ್ದೆನೇ ಹೇಳ್ಲಿಲ್ಲ. ಹೀಗಾ ಉಚ್ಚಾಟನೆ ಮಾಡೋದು?"

ಅವನು ಹೇಳಿದ: ಹನ್ನೊಂದು ವರ್ಷಗಳಿಂದ ಸದಸ್ಯ, ನಮ್ಮ ಪಕ್ಷದ ಜಿಲ್ಲಾ ಕಾರ್ಯದರ್ಶಿ, ಇಂದಿನವರೆಗೆ.

"ಕಾರಣ?"

"ಅಶಿಸ್ತು."

"ಎಂಥಾ ಅಶಿಸ್ತು? ನಿಮ್ಮ ಅಪ್ಪಣೆ ಇಲ್ಲದೆ ಪಾರ್ಟಿ ಮೀಟಿಂಗು ಕರೆದನಲ್ಲ, ಅರೆಸ್ಟಾದ ದಿನ, ಆ ಹಿತ್ತಲಲ್ಲಿ. ಅದನ್ನೇ ಬಿಟ್ರಾ?"

"ಹೌದು! ಬರೀರಿ ಮೇಡಂ. ಆ ದಿನ, ಆ ಸ್ಥಳದಲ್ಲಿ, ಅಧ್ಯಕ್ಷರ ಅನುಮತಿಯಿಲ್ಲದೆ ಪಕ್ಷದ ಸಭೆ ನಡೆಸಿದ್ದಕ್ಕಾಗಿ."

"ಪಕ್ಷದ ಸಭೆ" ಎಂದು ಬರೆಯುವಾಗ ನನಗೆ ಹೊಳೆಯಿತು. ವಕೀಲ ಬೇಡಿದ್ದ ಎರಡೂ ಮಾತು ನನ್ನ ಪೆನ್ನಿನ ಕೆಳಗೆ ಬಂದು ಕೂತಿದ್ದವು, ಅದೂ ಕೋರ್ಟು ಒಪ್ಪುವ ಅಧ್ಯಕ್ಷನ ಬಾಯಿಂದಲೇ. ಒಬ್ಬನನ್ನು ಪಾರ್ಟಿಯಿಂದ ಹೊರಗೆ ಹಾಕಬೇಕಾದರೆ ಅವನು ಒಳಗೆ ಇದ್ದಿರಬೇಕು ತಾನೆ! ಮದರ್ ಕಲಿಸಿದ ಹಾಗೆ ಒಂದೊಂದು ಅಕ್ಷರವನ್ನೂ ತೀಡಿ ಬರೆದೆ. ಬೋನಿಫಾಸ್ ಸಹಿ ಹಾಕಿ, ಸೀಲನ್ನು ಎರಡು ಸಲ ಒತ್ತಿದ. "ಎಂಥಾ ಹ್ಯಾಂಡ್‌ರೈಟಿಂಗು!" ಎಂದು ನನಗೆ ಶಹಬ್ಬಾಸ್ ಕೊಟ್ಟು, ಹಾರ್ನು ಹೊಡೆದು ಹೊರಟುಹೋದ.

ಓಡೆಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ಫೋಟೋ ತೆಗೆದು ವಕೀಲನಿಗೆ ಕಳಿಸಿದಳು. ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದೆ. "ಹನ್ನೊಂದು ವರ್ಷ ದುಡಿದ" ಎಂದಳು. "ಅವನು ನಮ್ಮವನು ಅಂತ ಬರೆದುಕೊಡಿ ಅಂದ್ರೆ ಒಬ್ಬನಿಗೂ ಕೈ ಬರಲಿಲ್ಲ." ರೈಲು ಬಂತು, ಹತ್ತಿದೆವು. ನಾನು ಕಿಟಕಿಯಾಚೆ ಫ್ರೀವೇ ಮೇಲೆ ಹರಿಯುವ ಕಾರುಗಳನ್ನು ನೋಡುತ್ತಾ ಹದಿನಾಲ್ಕು ಸೂಟುಗಳನ್ನೂ ಒಂದೊಂದಾಗಿ ಬೈದುಕೊಂಡೆ. ಮಾರ್ಗನ್ ಹಿಲ್ ತಲುಪಿದಾಗ ಇನ್ನೂ ಬೆಳಕಿತ್ತು.

ಮಂಗಳವಾರ ಡೇ ಸೆಂಟರಿನಲ್ಲಿ ಓಡೆಟ್ ಸುದ್ದಿ ಹೇಳಿದಳು. ಕೇಸು ಸಾಮಾನ್ಯ ಕೋರ್ಟಿಗೆ ಹೋಗಿದೆ. ಮುಂದಿನ ತಿಂಗಳು ಜಾಮೀನಿನ ವಾದ. ನಾನು ಅವಳನ್ನು ತಬ್ಬಿಕೊಂಡೆ, ಅವಳು ತಬ್ಬಿಕೊಳ್ಳಲಿಲ್ಲ.

"ವಕೀಲ ಜೈಲಿಗೆ ಹೋಗಿ ಅವನಿಗೆ ಕಾಗದ ತೋರಿಸಿದ" ಎಂದಳು. "ಮಿಲಿಟರಿ ಕೋರ್ಟು ತಪ್ಪಿತು ಅಂತ ಹೇಳಿದ್ದು ಅವನ ಕಿವಿಗೇ ಬೀಳಲಿಲ್ಲವಂತೆ. ನನ್ನನ್ನ ಯಾಕೆ ತೆಗೆದರು, ನಾನೇನು ತಪ್ಪು ಮಾಡಿದೆ ಅಂತ ಅತ್ತನಂತೆ. ಆಮೇಲೆ, ಇಷ್ಟು ಚೆಂದವಾಗಿ ಕೂತು ಬರೆದವರು ಯಾರು ಅಂತ ಕೇಳಿದನಂತೆ."