ಸಾಲ್ವಿಯಾ ಮೊಗ್ಗಿಡುವ ತಿಂಗಳು

ನಮ್ಮ ಮನೆಯ ಕೆಂಪು ಸಾಲ್ವಿಯಾಗೆ ಮೊಗ್ಗು ಬರುವುದು ಮಹಾನವಮಿ ಕಳೆದು ದೀಪಾವಳಿ ಇನ್ನೂ ಬಾರದ ದಿನಗಳಲ್ಲಿ. ಮೊದಲು ತುದಿಯ ಎರಡು ಎಲೆಗಳು ಕಿರಿದಾಗುತ್ತವೆ. ಅವುಗಳ ನಡುವೆ ಎಳೆಯ ಸಜ್ಜೆ ತೆನೆಯ ಹಾಗೆ ಒತ್ತೊತ್ತಾಗಿ ಏನೋ ಕಾಣುತ್ತದೆ, ಇನ್ನೂ ಹಸಿರೇ. ಆಮೇಲೆ ಅದರ ಅಂಚಿಗೆ ಕೆಂಪು ಏರುತ್ತದೆ. ಕಾರ್ತೀಕದ ದೀಪ ಹಚ್ಚುವ ಹೊತ್ತಿಗೆ ಗೋಡೆಯುದ್ದಕ್ಕೂ ಕೆಂಪು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನನ್ನ ಕಿವಿ ಮಾತ್ರ ಆ ಹಸಿರು ತೆನೆ ಕಂಡ ಕೂಡಲೇ ತಾನಾಗಿಯೇ ಒಳಕೋಣೆಯ ಕಡೆ ಹೋಗುತ್ತದೆ. ನನ್ನ ಗಂಡ ತೀರಿಕೊಂಡ ಮೇಲೂ ಇದು ನಿಂತಿಲ್ಲ.

ಬೀಜ ತಂದವರು ಅವರೇ. ಆಗ ನಾವಿಬ್ಬರೂ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿದ್ದೆವು. ಅವರು ಕಟಿಂಗ್ ಮೇಜಿನಲ್ಲಿ, ನಾನು ಕೆಳಗಿನ ಹಾಲ್‌ನಲ್ಲಿ ಹೆಲ್ಪರ್. ಅವರದು ಗುಮ್ಮಘಟ್ಟದ ಕಡೆ ಕುರಿ ಸಾಕುವ ಮನೆ, ನನ್ನದು ಅಮರಾಪುರದ ಹತ್ತಿರ ಕಡಲೆಕಾಯಿ ಬೆಳೆಯುವ ಮನೆ. ಒಬ್ಬರ ಮಾತನ್ನು ಇನ್ನೊಬ್ಬರು ಆಡಿ ತೋರಿಸಿ ನಗುವುದು ನಮಗೆ ಬೇಸರವಾಗದ ಆಟವಾಗಿತ್ತು. ಆ ಗೇಟಿನ ಒಳಗೆ ದಾರಿಯ ಎರಡೂ ಕಡೆ ಸಾಲ್ವಿಯಾ ಹಾಕಿದ್ದರು. ಸಂಜೆ ಬಿಡುವಾಗ ಯಾರಾದರೂ ಬಟ್ಟೆ ತುಂಡು ಒಯ್ಯುತ್ತಾರೇನೋ ಎಂದು ಕಾವಲಿನವನು ಎಲ್ಲರ ಚೀಲ, ಜೇಬು ತಡವಿ ನೋಡುತ್ತಿದ್ದ. ಒಂದು ಸಂಜೆ ಇವರ ಶರ್ಟಿನ ಜೇಬಿನಲ್ಲಿ ಒಣಗಿದ ತೆನೆಗಳು ಸಿಕ್ಕವು. ಇದೇನು ಎಂದು ಕೇಳಿದ.

"ಬಟ್ಟಿ ಅಲ್ರಿ, ಹೂವಿನ ಹೆಣ. ಊರಿಗೆ ಒಯ್ದು ಮಣ್ಣು ಮಾಡ್ತೀನಿ," ಅಂದರು ಇವರು.

ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸರೆಲ್ಲ ನಕ್ಕರು. ಕಾವಲಿನವನೂ ನಕ್ಕು ಬಿಟ್ಟ.

ಗಡಿಯಾಚೆ, ತೆಲುಗು ಸೀಮೆಗೆ ಸೇರಿದ ನಮ್ಮ ರಾಯದುರ್ಗದಲ್ಲಿ ಓಣಿ ಓಣಿಗೂ ಜೀನ್ಸ್ ಹೊಲಿಗೆ ಬಂದ ಮೇಲೆ ನಾವು ವಾಪಸು ಬಂದು ಬೆಟ್ಟದ ಬುಡದಲ್ಲಿ ಮನೆ ಹಿಡಿದೆವು. ಮಗಳನ್ನು ಆಗಲೇ ಮದುವೆ ಮಾಡಿ ಕೊಟ್ಟಿದ್ದೆವು. ಅತ್ತೆ ಹಳ್ಳಿಯ ಕುರಿಗಳನ್ನು ಮೈದುನನಿಗೆ ಬಿಟ್ಟು ನಮ್ಮೊಡನೆ ಇರಲು ಬಂದರು. ಇವರಿಗೆ ಒಂದು ಶೆಡ್ಡಿನಲ್ಲಿ ಕಟಿಂಗ್ ಕೆಲಸ ಸಿಕ್ಕಿತು. ನಾನು ಹೊಲಿದ ಪ್ಯಾಂಟುಗಳ ಗಂಟು ಮನೆಗೇ ತಂದು ದಾರ ಕತ್ತರಿಸುತ್ತಿದ್ದೆ. ಹೊಲಿಗೆ ಮುಗಿದ ಪ್ಯಾಂಟಿನ ಮೂಲೆ ಮೂಲೆಯಲ್ಲಿ ದಾರದ ತುದಿ ಉಳಿದಿರುತ್ತದೆ. ಅಂಗೈಯಲ್ಲಿ ಹಿಡಿಯುವ ಚಿಕ್ಕ ಕಟರಿನಿಂದ ಅದನ್ನು ಬುಡಕ್ಕೆ ಕತ್ತರಿಸಬೇಕು. ಅದೊಂದೇ ಕೆಲಸ. ವರ್ಷಗಟ್ಟಲೆ ಮಾಡಿದರೆ ಕೈಗೆ ಎಂಥ ಅಭ್ಯಾಸವಾಗುತ್ತದೆ ಎಂದರೆ, ಯಾರ ಮೈಮೇಲೆ ದಾರ ಕಂಡರೂ ಬೆರಳು ಅತ್ತ ಹೋಗುತ್ತದೆ.

ಬೀಜವನ್ನು ಇವರು ಗಣೇಶನ ಹಬ್ಬದ ಮಳೆಯಲ್ಲಿ ಹಳೆಯ ಪೇಂಟ್ ಡಬ್ಬಿಯಲ್ಲಿ ಚೆಲ್ಲಿದರು. ಸಸಿ ಮೇಲೆ ಬಂದದ್ದು ನಿಧಾನ. ಬೆರಳುದ್ದವಾದ ಮೇಲೆ ಕಾಂಪೌಂಡಿನ ಒಳಗೆ ಸಾಲಾಗಿ ನೆಟ್ಟು, ಪಾತ್ರೆ ತೊಳೆದ ನೀರು ಹಾಕಿದೆವು. ಅತ್ತೆ ಅದನ್ನು ಕೆಂಪ ತುಳಸಿ ಎಂದು ಕರೆದರು. ನಾವು ಹೂವೆಂದುಕೊಳ್ಳುವ ಕೆಂಪು ನಿಜವಾಗಿ ಹೂವಿನ ಬಟ್ಟಲು ಎಂದು ನನಗೆ ತೋರಿಸಿದವರು ಇವರು. ಹೂವು ಅದರೊಳಗಿನ ಕೊಳವೆ, ಬೇಗ ಉದುರಿಹೋಗುತ್ತದೆ. ಬಟ್ಟಲು ಮಾತ್ರ ಬಹಳ ದಿನ ಕೆಂಪಾಗಿಯೇ ಇರುತ್ತದೆ.

ಮೊದಲ ವರ್ಷ ಮೊದಲ ತೆನೆ ಅರಳಿದ ಬೆಳಿಗ್ಗೆ ಅವರನ್ನು ನೋಡಲು ಕೂಗಿದೆ. ಬರಲಿಲ್ಲ. ಒಳಗೆ ಹೋದರೆ ಬಾಗಿಲ ಚೌಕಟ್ಟು ಹಿಡಿದು ಕೂತಿದ್ದರು, ಹೆಗಲು ಕಿವಿಯವರೆಗೆ ಏರಿತ್ತು, ಬಾಯಿ ತೆರೆದಿತ್ತು, ಮಾತಿಲ್ಲ. ಎದೆಯೊಳಗಿಂದ ಹಳೆಯ ಬಾಗಿಲು ಕಿರುಗುಟ್ಟುವಂಥ ಸದ್ದು. ಅದಕ್ಕೂ ಮುಂಚೆ ಅವರಿಗೆ ಕೆಮ್ಮು ಇತ್ತು, ಕಟಿಂಗ್ ಕೆಲಸದವರೆಲ್ಲರಿಗೂ ಇರುವಂಥದ್ದು. ಇದು ಬೇರೆ. ಶೇರ್ ಆಟೋದಲ್ಲಿ ಕೂರಿಸಿಕೊಂಡು ಹೋಗುವಾಗ ಅವರ ಉಗುರು ನೀಲಿಯಾಗಿತ್ತು. ಬಟ್ಟೆಯ ನೀಲಿಯೋ ಏನೋ ಎಂದು ನನ್ನ ಸೆರಗಿನಿಂದ ಉಜ್ಜಿ ನೋಡಿದೆ. ಹೋಗಲಿಲ್ಲ.

ಡಾಕ್ಟರು ತೆಲುಗಿನಲ್ಲಿ ಆಯಾಸಂ ಅಂದರು, ಅತ್ತೆ ದಮ್ಮು ಅಂದರು. ಚಳಿಯಲ್ಲಿ, ಧೂಳಿನಲ್ಲಿ ಜಾಸ್ತಿಯಾಗುತ್ತದೆ, ಜೋಪಾನ, ಒಮ್ಮೊಮ್ಮೆ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ನನಗೆ ಬೇರೆಯಾಗಿ ಹೇಳಿದರು. ಎಳೆದುಕೊಳ್ಳುವ ಔಷಧಿ ಕೊಟ್ಟರು. ಶಿವರಾತ್ರಿಯವರೆಗೆ ನಾನು ಅವರ ಉಸಿರು ಕೇಳುತ್ತಲೇ ಬದುಕಿದೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಕೆಂಪು ಮಾಸಿತು, ಗಿಡ ಒಣಗಿತು, ಅವರ ಉಸಿರೂ ಹಗುರಾಯಿತು. ಮೃಗಶಿರ ಮಳೆಗೆ ಗಿಡ ಮತ್ತೆ ಚಿಗುರಿ ಅಲ್ಲೊಂದು ಇಲ್ಲೊಂದು ಬಡಕಲು ತೆನೆ ಬಿಟ್ಟಿತು. ಆಗ ಅವರಿಗೆ ಏನೂ ಆಗಲಿಲ್ಲ.

ಮರುವರ್ಷವೂ ಹಾಗೇ. ತೆನೆ ಕೆಂಪಾಗುವ ವಾರವೇ ಚೌಕಟ್ಟು ಹಿಡಿದು ಕೂತರು. ಆವತ್ತಿನಿಂದ ಹೂವು ನೋಡಿದರೆ ನನಗೆ ಭಯ. ಅತ್ತೆಗೆ ಹೇಳಿದೆ, ಈ ಗಿಡವೇ ದಮ್ಮು ತರುತ್ತೈತೇನೋ ಅನ್ನಿಸುತ್ತೆ ಎಂದು. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಹೂವು ಏನ್ ಮಾಡ್ತೈತವ್ವಾ ಪಾಪ. ಚಳಿಗೆ ಅದೂ ಬರ್ತೈತಿ, ಇದೂ ಬರ್ತೈತಿ. ಒಂದ ಬಸ್ಸಿಗೆ ಬಂದೋರೆಲ್ಲ ಬೀಗ್ರೇನು?"

ಅವರ ಮಾತು ಸರಿಯೆಂದು ನನಗೆ ಗೊತ್ತಿತ್ತು. ಶಾಲೆ ಕಲಿತವಳು ನಾನು. ಆದರೆ ಗೊತ್ತಿರುವುದು ತಲೆಯಲ್ಲಿತ್ತು, ಭಯ ಅಲ್ಲಿರಲಿಲ್ಲ.

ಮೂರನೆಯ ವರ್ಷ ಮಹಾನವಮಿಯ ಮಾರನೆ ದಿನ ಅಂಗಳದಲ್ಲಿ ದಾರ ಕತ್ತರಿಸುತ್ತಾ ಕೂತಿದ್ದೆ. ಪಕ್ಕದ ಗಿಡದ ತುದಿಯಲ್ಲಿ ಹಸಿರು ತೆನೆ ಕಂಡಿತು. ಯೋಚನೆ ಮಾಡಲಿಲ್ಲ. ಕೈಯಲ್ಲಿ ಕಟರ್ ಇತ್ತು. ಉಳಿದ ದಾರ ಕತ್ತರಿಸುವ ಹಾಗೆಯೇ ಬುಡಕ್ಕೆ ಕತ್ತರಿಸಿದೆ. ಆಮೇಲೆ ಎದ್ದು ಸಾಲಿನ ಕೊನೆಯವರೆಗೂ ಹೋದೆ. ಕತ್ತರಿಸಿದ್ದನ್ನು ದಾರದ ಚೀಲಕ್ಕೆ ಹಾಕಿ ಮೇಲೆ ನೀಲಿ ದಾರ ಮುಚ್ಚಿದೆ.

ದೀಪಾವಳಿ ಬಂತು. ಹೂವಿಲ್ಲ. ಅವರಿಗೆ ಉಸಿರೂ ಕಟ್ಟಲಿಲ್ಲ. ಅಂಗಳದ ದೀಪದ ಮುಂದೆ ಅವರು ಚೆನ್ನಾಗಿ ನಿಂತು ನಗುತ್ತಿದ್ದರೆ, ನಾನು ಇನ್ನೊಂದು ದೀಪ ಹಿಡಿದು ಗಿಡಗಳ ತುದಿ ಹುಡುಕುತ್ತಿದ್ದೆ. ನಾನು ಮಾಡಿದ್ದು ಕೆಲಸ ಮಾಡಿತಲ್ಲ, ಇನ್ನು ಒಂದು ಮೊಗ್ಗು ತಪ್ಪಿಸಿಕೊಂಡರೂ ಅದರ ಹೊಣೆ ನನ್ನದೇ ಎಂದು. ಅವತ್ತಿನಿಂದ ಬೆಳಿಗ್ಗೆ ಕಸ ಗುಡಿಸುವ ಮೊದಲು ಗಿಡ ನೋಡುವುದೇ ಕೆಲಸವಾಯಿತು.

ಗಿಡ ಸುಮ್ಮನಿರಲಿಲ್ಲ. ತುದಿ ಕತ್ತರಿಸಿದರೆ ಅದರ ಕೆಳಗಿನ ಎರಡು ಎಲೆಗಳ ಕಂಕುಳಿನಿಂದ ಎರಡು ಚಿಗುರು ಹೊರಟವು. ಅವೆರಡರ ತುದಿಯಲ್ಲೂ ತೆನೆ. ಅವನ್ನೂ ಕತ್ತರಿಸಿದೆ. ಎರಡು ನಾಲ್ಕಾದವು. ಹೂವಿನ ಕೆಲಸ ಬಲ್ಲವರು ಗಿಡ ಪೊದೆಯಾಗಲಿ, ಹೂವು ಹೆಚ್ಚಲಿ ಎಂದೇ ಹಾಗೆ ಚಿವುಟುತ್ತಾರಂತೆ. ಅದು ನನಗೆ ಆಮೇಲೆ ತಿಳಿಯಿತು. ನನ್ನ ಕಣ್ಣಿಗೆ ಅದು ಹಟ ಹಿಡಿದ ಹಾಗೆ ಕಾಣುತ್ತಿತ್ತು. ಪ್ಯಾಂಟಿನಲ್ಲಿ ದಾರ ಕತ್ತರಿಸಿದರೆ ಅಲ್ಲಿಗೆ ಮುಗಿಯಿತು. ಇದು ಕತ್ತರಿಸಿದಷ್ಟೂ ಬರುತ್ತಿತ್ತು. ಒಂದು ಹೊತ್ತಿನಲ್ಲಿ ಎಲೆಗಿಂತ ತುದಿಗಳೇ ಹೆಚ್ಚಾದವು.

ಪುಷ್ಯದಲ್ಲಿ ಶೆಡ್ಡಿನಿಂದ ಗಂಟಿನ ಮೇಲೆ ಗಂಟು ಬಂತು. ಸಂಕ್ರಾಂತಿಗೆ ಮುಂಚೆ ಮುಗಿಸಿಕೊಡಬೇಕು. ಗಿಡದ ಕಡೆ ಹೋಗಲು ಕೆಲವು ದಿನ ಆಗಲೇ ಇಲ್ಲ. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಗೋಡೆಯ ಉದ್ದಕ್ಕೂ ಒಂದೇ ಸಲಕ್ಕೆ ಅರಳಿತ್ತು. ಹಿಂದೆ ಎರಡೂ ವರ್ಷ ಕಂಡಿರದಷ್ಟು. ಕೆಂಪು ಬಿಟ್ಟು ಬೇರೆ ಬಣ್ಣವೇ ಇರಲಿಲ್ಲ. ಸೂರಕ್ಕಿಗಳು ಕೊಳವೆಗೆ ಕೊಕ್ಕು ಹಾಕಿ ಕಿಚಗುಟ್ಟುತ್ತಿದ್ದವು. ಒಳಗೆ ಓಡಿ ಕಟರ್ ತಂದು ಸಿಕ್ಕಿದ್ದನ್ನೆಲ್ಲ ಕತ್ತರಿಸತೊಡಗಿದೆ.

ಅವರು ಯಾವಾಗ ಬಂದು ನಿಂತರೋ ಗೊತ್ತಿಲ್ಲ. ಏನು ಮಾಡಾಕತ್ತಿ ಎಂದು ಕೇಳಿದರು. ಅವರು ದಾರದ ಚೀಲ ಬಗ್ಗಿಸಿ ನೋಡಿದರು. ನೀಲಿ ದಾರದ ಅಡಿಯಲ್ಲಿ ಕಪ್ಪಾದ ತೆನೆಗಳು, ಇನ್ನೂ ಬಾಡದ ತೆನೆಗಳು, ಪದರು ಪದರಾಗಿ.

"ಇವು ಬಂದ್ರೆ ನಿಮಗೆ ಉಸಿರು ಕಟ್ಟುತ್ತೈತೆ," ಅಂದೆ. "ಬರಬಾರ್ದು ಅಂತ."

ಅವರು ನಗಲು ಶುರುಮಾಡಿದರು. ನಗು ಕೆಮ್ಮಾಯಿತು, ನಾನು ಅವರ ಬೆನ್ನು ಹಿಡಿದುಕೊಂಡೆ. ಕೆಮ್ಮು ನಿಂತ ಮೇಲೆ ಚೀಲದ ಪಕ್ಕದಲ್ಲೇ ನೆಲಕ್ಕೆ ಕೂತರು.

"ನನ್ನ ದಮ್ಮಿಗೆ ಆ ಗಿಡಕ್ಕ ಯಾಕ ಶಿಕ್ಷೆ?" ಅಂದರು. ಒಂದು ಬಾಡದ ತೆನೆ ಎತ್ತಿ ಹಿಡಿದು, "ನಂಗೂ ಹೆದ್ರಿಕಿ ಐತಿ. ಇಬ್ರೂ ಹೆದ್ರಿದ್ರ ಹೆಂಗ? ಪಾಳಿ ಹಾಕ್ಕೊಳ್ಳೂಣು. ಇವತ್ತು ನೀ ಬಿಡು, ನಾ ಹೆದ್ರತೀನಿ."

ಅದಕ್ಕೆ ಮೊದಲು ಅವರು ಹೆದರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರು ನಗಿಸಲು ಹೇಳಿದ್ದು; ನನಗೆ ಭಯ ಇಮ್ಮಡಿಯಾಯಿತು. ಆದರೂ ಕಟರ್ ಕೆಳಗಿಟ್ಟೆ. ಆ ಹೂವು ಶಿವರಾತ್ರಿಯವರೆಗೂ ಇತ್ತು. ನಡುವೆ ಅವರಿಗೆ ಒಮ್ಮೆ ಉಸಿರು ಕಟ್ಟಿತು, ಔಷಧಿಗೆ ಇಳಿಯಿತು. ಮಾಘದ ಚಳಿ ದಾಟಿದೆವು. ಶಿವರಾತ್ರಿ ಆದ ಮೇಲೆ ಅವರೇ ಗಿಡಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಿ, ಬುಡಕ್ಕೆ ಕಡಲೆಕಾಯಿ ಸಿಪ್ಪೆ ಹಾಕಿದರು. ಯುಗಾದಿಗೆ ಅಂಗಳದಲ್ಲಿ ಬರೀ ಕಡ್ಡಿಗಳು. ಅತ್ತೆ ಕಂಬಳಿ ಒಗೆದು ಒಣಗಿಸಿ ಮೇಲಿಟ್ಟರು. ನಾನೂ ಭಯವನ್ನು ಹಾಗೆಯೇ ಮಡಿಸಿಟ್ಟೆ. ಗೋಡೆಯ ಮೂಲೆಯಲ್ಲಿ ಒಂದು ನೀಲಿ ಸಾಲ್ವಿಯಾ ಇತ್ತು, ಅವರು ಬಳ್ಳಾರಿಯಿಂದ ತಂದದ್ದು. ಅದು ಎಲ್ಲ ಕಾಲಕ್ಕೂ ಅಷ್ಟಿಷ್ಟು ಹೂ ಬಿಡುವಂಥದ್ದು, ಉರಿ ಬಿಸಿಲಲ್ಲೂ ಒಂದೆರಡು ಕಡ್ಡಿ ಹೂ ಇರುತ್ತಿತ್ತು. ಅದನ್ನು ನಾನು ಯಾವತ್ತೂ ಕಾದು ನೋಡಿದವಳಲ್ಲ.

ವೈಶಾಖದ ಒಂದು ಬೆಳಿಗ್ಗೆ ಚಹಾ ಕುಡಿದು, ಬಿಸಿಲೇರುವ ಮುಂಚೆ ಶೆಡ್ಡಿಗೆ ಹೋಗುತ್ತೇನೆಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ನಾನು ಒಳಗೆ ಗಂಟು ಬಿಚ್ಚುತ್ತಿದ್ದೆ. ಹಿಂದಿನ ದಿನ ಇಳಿಸಿದ ಗಂಟು, ಕೂಸುಗಳ ಪ್ಯಾಂಟುಗಳು. ಚಪ್ಪಲಿ ಬಿದ್ದ ಸದ್ದು ಕೇಳಿಸಿತು. ಏನೆಂದು ಕೂಗಲೂ ಇಲ್ಲ ನಾನು. ಬೇಸಿಗೆ ತಾನೇ ಎಂದು ಮನಸ್ಸು ನಿಶ್ಚಿಂತವಾಗಿತ್ತು. ಗಂಟು ಬಿಚ್ಚಿ ಮುಗಿಸಿ ಹೊರಗೆ ಬಂದೆ. ಗೋಡೆಗೆ ಒರಗಿದ್ದರು. ಕಿರುಗುಟ್ಟುವ ಸದ್ದು ಇರಲಿಲ್ಲ, ಹೆಗಲು ಏರಿರಲಿಲ್ಲ. ಹೃದಯ ನಿಂತಿತೆಂದು ಡಾಕ್ಟರು ಹೇಳಿದರು. ಕೂಗಿದ್ದರೂ, ಆಗಲೇ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿದರು. ನಾನು ಮೂರು ವರ್ಷ ಒಂದು ಬಾಗಿಲು ಕಾದಿದ್ದೆ.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ಒಂದೇ ಮಾತು ಆಡಿದರು. "ಚಳಿಗಾಲ ದಾಟಿಸಿದ್ವಲ್ಲವ್ವಾ," ಅಂದರು.

ಆಮೇಲೆ ನನ್ನ ಭಯಕ್ಕೆ ಕಾಲವೇ ಇಲ್ಲವಾಯಿತು. ಮೃಗಶಿರ ಮಳೆಗೆ ಕಡ್ಡಿಗಳು ಚಿಗುರಿದಾಗ ಹೆದರಿದೆ, ಚಿಗುರದೆ ಒಣಗಿದ ಕಡ್ಡಿ ನೋಡಿ ಹೆದರಿದೆ. ಮೆಟ್ಟಿಲ ಮೇಲೆ ಯಾರು ಕೂತರೂ ಎಬ್ಬಿಸುತ್ತಿದ್ದೆ. ಮಡಕಶಿರಾಕ್ಕೆ ಕೊಟ್ಟ ಮಗಳು ಬಂದಿದ್ದಾಗ ಇದನ್ನೆಲ್ಲ ನೋಡಿ ಸಂಕಟಪಟ್ಟಳು.

"ಅದ್ನ ಕಿತ್ತಾಕಮ್ಮ," ಅಂದಳು. "ನೋಡ್ನೋಡಿ ಯಾಕಂಗೆ ಸಾಯ್ತೀಯ?"

ಕೀಳುತ್ತೇನೆ ಅಂದೆ. ಅವಳು ಬಸ್ಸು ಹತ್ತಿದ ಮೇಲೆ ಗಿಡಕ್ಕೆ ನೀರು ಹಾಕಿದೆ. ಕಿತ್ತರೆ ಯಾವಾಗ ಹೆದರಬೇಕೆಂದೇ ತಿಳಿಯದೆ ಹೋಗುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ.

ಈ ವರ್ಷ ಮಹಾನವಮಿ ಕಳೆಯಿತು. ನಿನ್ನೆ ಬೆಳಿಗ್ಗೆ ಮೂರನೆಯ ಗಿಡದಲ್ಲಿ ಹಸಿರು ತೆನೆ ಕಂಡೆ. ಗಂಟು ಮುಂದಿತ್ತು, ಕಟರ್ ಕೈಯಲ್ಲಿತ್ತು. ಮುಟ್ಟಲಿಲ್ಲ. ಕಿವಿ ಮಾತ್ರ ಎಂದಿನಂತೆ ಒಳಕೋಣೆಗೆ ಹೋಯಿತು. ಅಲ್ಲಿಂದ ಏನೂ ಇಲ್ಲ. ಇಲ್ಲವೆಂದು ಗೊತ್ತಿದ್ದೂ ಕೇಳುತ್ತಲೇ ಕೂತೆ.

ಆಗ ಅಡುಗೆಮನೆಯಲ್ಲಿ ಕೆಮ್ಮು. ಒಮ್ಮೆ, ಮತ್ತೊಮ್ಮೆ. ಗಂಟು ದಾಟಿ, ಹೊಸಿಲು ಎಡವಿ ಒಳಗೆ ಓಡಿದೆ. ಅತ್ತೆ ಒಗ್ಗರಣೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಮೆಣಸಿನಕಾಯಿ ಘಾಟು, ಹೋಗು," ಅಂದರು.

ಹೋಗಲಿಲ್ಲ. ನೀರು ತಂದು ಕೊಟ್ಟೆ. ಅವರು ಬೇಡವೆಂದರೂ ಲೋಟ ಕೈಗೆ ಹಿಡಿಸಿ, ಪೂರ್ತಿ ಕುಡಿಯುವವರೆಗೂ ಅವರ ಬೆನ್ನಿನ ಮೇಲೆ ಕೈಯಿಟ್ಟು ನಿಂತೆ. ಉಸಿರು ಒಳಗೆ ಹೋಗುವುದು, ಹೊರಗೆ ಬರುವುದು ಕೈಗೆ ತಿಳಿಯುತ್ತಿತ್ತು. ಅವರು ಕುಡಿದು ಮುಗಿಸಿದ ಮೇಲೂ ಕೈ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಅವರೂ ತೆಗೆ ಎನ್ನಲಿಲ್ಲ.